ಕಾವಲುಗಾರನ ಊಟ ಕಡಿಮೆ ಇರಲಿ: ತೋಟದ ಸೋಲಾರ್‌ಗೆ ಕಡಿಮೆ ಕರೆಂಟಿನ ನಿಗಾ ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆ?

ಕುಷ್ಟಗಿ ತಾಲ್ಲೂಕಿನ ನಮ್ಮ ದಾಳಿಂಬೆ ತೋಟಕ್ಕೆ ಕರೆಂಟಿನ ಲೈನ್ ಇಲ್ಲ. ಊರಿಂದ ಸುಮಾರು 3 ಕಿಲೋಮೀಟರ್ ಒಳಗೆ. ಶೆಡ್ಡಿನ ತಗಡಿನ ಮೇಲೆ 165 ವ್ಯಾಟಿನ ಎರಡು ಪ್ಯಾನೆಲ್, ಒಳಗೆ 12 ವೋಲ್ಟಿನ 150 ಎಎಚ್ (ಆಂಪ್-ಅವರ್) ಟ್ಯೂಬ್ಯುಲರ್ ಲೆಡ್-ಆ್ಯಸಿಡ್ ಬ್ಯಾಟರಿ. ನಾಲ್ಕು ಲೈಟು, ಒಂದು ಡಿಸಿ ಫ್ಯಾನು, ಒಂದು ಕ್ಯಾಮೆರಾ, ಫೋನ್ ಚಾರ್ಜಿಂಗು, ಡ್ರಿಪ್ಪಿನ ವಾಲ್ವು. ಅಲ್ಲಿರುವವರು ನಮ್ಮ ಕಾಕಾ. ನಾನಿರುವುದು ಕೊಪ್ಪಳದಲ್ಲಿ.

ಬ್ಯಾಟರಿ ಹೇಗಿದೆ ಅಂತ ಕೂತಲ್ಲೇ ತಿಳಿಯಲಿ ಎಂದು ಮೊದಲ ಸಲ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಜೊತೆಗೆ 4ಜಿ ರೂಟರ್ ಇಟ್ಟೆ. ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಮುಂಗಾರಿನಲ್ಲಿ ದಿನಗಟ್ಟಲೆ ಮೋಡ ಕವಿಯಿತು. ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳಿಯಿತು. ಮತ್ತೆ ಪೂರ್ತಿ ತುಂಬಲೇ ಇಲ್ಲ. ಎರಡನೇ ಮಳೆಗಾಲಕ್ಕೆ ಅದು ಮುಗಿಯಿತು. ಕಾಕಾ ಒಂದೇ ಮಾತು ಹೇಳಿದರು: "ತಮ್ಮಾ, ನಿನ್ನ ಡಬ್ಬಿ ರಾತ್ರಿಯೆಲ್ಲ ಮಿಣಮಿಣ ಅಂತಿತ್ತು. ಅದಕ್ಕ ಉಣ್ಣಾಕ ಬ್ಯಾಡೇನು?"

ಆ ಮಾತು ಕೇಳಿದ ಮೇಲೆ ಲೆಕ್ಕ ಹಾಕಿದೆ. ಪೈಗೆ ಸುಮಾರು 2.5 ವ್ಯಾಟ್, ರೂಟರಿಗೆ ಸುಮಾರು 5 ವ್ಯಾಟ್. 24 ಗಂಟೆಗೆ 180 ವ್ಯಾಟ್-ಅವರ್. ಬ್ಯಾಟರಿಯಲ್ಲಿ ಇರುವುದು 1800. ಲೆಡ್-ಆ್ಯಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಅದರ ಐದನೇ ಒಂದು ಭಾಗವನ್ನು ಕಾಯುವ ಡಬ್ಬಿಯೇ ದಿನಾ ತಿನ್ನುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಥೇಟ್ ಹಾಗೆ.

ಅದೇ ಕೆಲಸವನ್ನು ದಿನಕ್ಕೆ ಅರ್ಧ ವ್ಯಾಟ್-ಅವರ್‌ಗಿಂತ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಸೋಲ್ಡರಿಂಗ್, ಮಲ್ಟಿಮೀಟರ್ ಬಳಕೆ, ಆರ್ಡುಯಿನೋ ಪ್ರೋಗ್ರಾಂ ಬೋರ್ಡಿಗೆ ಹಾಕುವುದು, ಇಷ್ಟು ಗೊತ್ತಿದ್ದರೆ ಸಾಕು.

ಹಂತ 1: ಮೊದಲು ಊಟದ ಮಿತಿ ಗೊತ್ತುಮಾಡಿ

ಲೆಡ್-ಆ್ಯಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ಸೋರುತ್ತದೆ. 25 ಡಿಗ್ರಿಯಲ್ಲಿ ತಿಂಗಳಿಗೆ ಸುಮಾರು 3ರಿಂದ 5 ಶೇಕಡ. 150 ಎಎಚ್ ಬ್ಯಾಟರಿಗೆ 4 ಶೇಕಡ ಅಂದರೆ ತಿಂಗಳಿಗೆ 6 ಎಎಚ್. ದಿನಕ್ಕೆ 0.2 ಎಎಚ್, ಅಂದರೆ ಸುಮಾರು 2.4 ವ್ಯಾಟ್-ಅವರ್. ನಮ್ಮ ಕಡೆಯ ಬಿಸಿಲಿಗೆ ಇದು ಇನ್ನೂ ಜಾಸ್ತಿಯಾಗುತ್ತದೆ.

ನಾನು ಇಟ್ಟುಕೊಂಡ ನಿಯಮ ಒಂದೇ. ನಿಗಾ ಇಡುವ ಡಬ್ಬಿಯ ಖರ್ಚು ಬ್ಯಾಟರಿ ತಾನಾಗಿ ಸೋರುವುದಕ್ಕಿಂತ ಕಡಿಮೆ ಇರಬೇಕು. ಆಗ ಮಳೆಗಾಲದಲ್ಲಿ ಹತ್ತು ದಿನ ಬಿಸಿಲು ಬರದಿದ್ದರೂ ಡಬ್ಬಿಯಿಂದ ತೊಂದರೆ ಇಲ್ಲ. ಮುಂದೆ ಏನೇ ಸಾಮಾನು ಕೊಳ್ಳುವಾಗಲೂ ಈ ಮಿತಿಯ ಪಕ್ಕದಲ್ಲಿ ಇಟ್ಟು ನೋಡಿ.

ಹಂತ 2: ಏನು ಅಳೆಯಬೇಕು?

ಜಾಸ್ತಿ ಜನ ವೋಲ್ಟೇಜ್ ಮಾತ್ರ ನೋಡುತ್ತಾರೆ. ಅದು ಅರ್ಧ ಸತ್ಯ. ಲೋಡ್ ಇಲ್ಲದೆ, ಚಾರ್ಜ್ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ 12.7 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಆದರೆ ತೋಟದ ಬ್ಯಾಟರಿ ಯಾವಾಗ ಸುಮ್ಮನಿರುತ್ತದೆ? ಹಗಲು ಚಾರ್ಜ್, ರಾತ್ರಿ ಲೋಡ್. ಫ್ಯಾನ್ ಹಾಕಿದ ತಕ್ಷಣ ವೋಲ್ಟೇಜ್ ಬೀಳುತ್ತದೆ, ಬಿಸಿಲು ಬಿದ್ದ ತಕ್ಷಣ ಏರುತ್ತದೆ. ಅದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದವರಿಗಂತೂ ವೋಲ್ಟೇಜ್ ಏನೂ ಹೇಳುವುದಿಲ್ಲ. ಬಹುಪಾಲು ಹೊತ್ತು ಅದು 13.2, 13.3ರ ಆಸುಪಾಸಿನಲ್ಲೇ ನಿಂತಿರುತ್ತದೆ.

ಹಾಗಾಗಿ ಮೂರು ಅಳತೆ ಬೇಕೇ ಬೇಕು. ಬ್ಯಾಟರಿಯ ವೋಲ್ಟೇಜ್, ಬ್ಯಾಟರಿಗೆ ಬರುವ ಮತ್ತು ಹೋಗುವ ಕರೆಂಟ್, ಬ್ಯಾಟರಿಯ ಮೈ ಬಿಸಿ. ಪ್ಯಾನೆಲ್ಲಿನ ವೋಲ್ಟೇಜ್ ಗೊತ್ತಾದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಒಂದು ಮಾತು. ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬಿಸುವುದನ್ನು ನೋಡಿಕೊಳ್ಳುವುದು ಚಾರ್ಜ್ ಕಂಟ್ರೋಲರ್. ನಿಮ್ಮ ಹತ್ತಿರ ಎಂಪಿಪಿಟಿ ಬಗೆಯ (ಪ್ಯಾನೆಲ್ಲಿನಿಂದ ಹೆಚ್ಚು ಪವರ್ ತೆಗೆಯುವ) ಕಂಟ್ರೋಲರ್ ಇದ್ದು ಅದಕ್ಕೆ ಡೇಟಾ ಪೋರ್ಟ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಎಪೆವರ್ ಟ್ರೇಸರ್ ಮಾದರಿಗಳು ಆರ್‌ಎಸ್485 ತಂತಿಯ ಮೇಲೆ ಮಾಡ್‌ಬಸ್ ಅನ್ನುವ ಡೇಟಾ ಭಾಷೆ ಮಾತಾಡುತ್ತವೆ. ಡೇಟಾ ವೇಗ ಸೆಕೆಂಡಿಗೆ 115200 ಬಿಟ್. ಹೆಕ್ಸ್ ವಿಳಾಸ 3100ರಲ್ಲಿ ಪ್ಯಾನೆಲ್ ವೋಲ್ಟೇಜ್, 3104ರಲ್ಲಿ ಬ್ಯಾಟರಿ ವೋಲ್ಟೇಜ್ ಸಿಗುತ್ತದೆ. ಬಂದ ಅಂಕಿಯನ್ನು 100ರಿಂದ ಭಾಗಿಸಬೇಕು. ವಿಕ್ಟ್ರಾನ್ ಕಂಟ್ರೋಲರ್ ಆದರೆ ವಿಇ.ಡೈರೆಕ್ಟ್ ಪೋರ್ಟಿನಿಂದ 19200 ವೇಗದಲ್ಲಿ ಸೆಕೆಂಡಿಗೊಮ್ಮೆ ಸಾದಾ ಅಕ್ಷರಗಳಲ್ಲೇ ಎಲ್ಲವನ್ನೂ ಕಳಿಸುತ್ತದೆ. ಆದರೆ ಇನ್ವರ್ಟರ್ ಬ್ಯಾಟರಿಗೆ ನೇರ ಸೇರಿದ್ದರೆ ಅದು ಎಳೆಯುವ ಕರೆಂಟ್ ಈ ಕಂಟ್ರೋಲರ್‌ಗಳಿಗೆ ಕಾಣುವುದಿಲ್ಲ. ಅಲ್ಲಿ ಶಂಟ್ ಬೇಕೇ ಬೇಕು, ಅಂದರೆ ಕರೆಂಟ್ ಅಳೆಯಲು ತಂತಿಯ ನಡುವೆ ಹಾಕುವ ತೀರಾ ಸಣ್ಣ ರೆಸಿಸ್ಟರ್.

ಹಂತ 3: ಸಾಮಾನು ಆರಿಸುವುದು

ಡಬ್ಬಿಯ ಮೆದುಳಿಗೆ ಇಎಸ್‌ಪಿ32, ವೈಫೈ ಇರುವ ಸಣ್ಣ ಕಂಟ್ರೋಲರ್ ಚಿಪ್. ಈ ಚಿಪ್ ಗಾಢ ನಿದ್ದೆಯಲ್ಲಿದ್ದಾಗ ಸುಮಾರು 10 ಮೈಕ್ರೋಆಂಪ್ ಮಾತ್ರ ಎಳೆಯುತ್ತದೆ. ಎಲ್ಲರೂ ಹೇಳುವುದು ಇಷ್ಟೇ. ನಿಜವಾದ ತೊಂದರೆ ಅದರ ಸುತ್ತ ಇದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡೆವ್ ಬೋರ್ಡ್ ತೆಗೆದುಕೊಳ್ಳಿ. ಅದರಲ್ಲಿ ಪವರ್ ಎಲ್‌ಇಡಿ ಇದೆ, ಯುಎಸ್‌ಬಿ ಚಿಪ್ ಇದೆ, ಎಎಂಎಸ್1117 ರೆಗ್ಯುಲೇಟರ್ ಇದೆ. ಆ ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ಎಲ್ಲ ಸೇರಿ 10 ಮಿಲಿಆಂಪ್ ಅಂದುಕೊಳ್ಳೋಣ. 5 ವೋಲ್ಟಿನಲ್ಲಿ ದಿನಕ್ಕೆ 1.2 ವ್ಯಾಟ್-ಅವರ್. ಚಿಪ್ ಮಲಗಿದೆ, ಆದರೆ ಮನೆಯ ದೀಪ ಉರಿಯುತ್ತಿದೆ.

ಇನ್ನೊಂದು ಕಳ್ಳ 12 ವೋಲ್ಟ್ ಇಳಿಸುವ ಬಕ್ ಕನ್ವರ್ಟರ್. ಎಲ್ಲೆಡೆ ಸಿಗುವ ಎಲ್‌ಎಂ2596 ಚಿಪ್ಪಿನ ಸ್ವಂತ ಖರ್ಚೇ ಸುಮಾರು 5 ಮಿಲಿಆಂಪ್. ದಿನಕ್ಕೆ ಸುಮಾರು 1.5 ವ್ಯಾಟ್-ಅವರ್. ಈ ಎರಡು ಸೇರಿದರೆ ನಮ್ಮ 2.4ರ ಮಿತಿ ಅಲ್ಲಿಗೇ ದಾಟಿತು. ಇನ್ನೂ ಒಂದು ಅಳತೆಯನ್ನೂ ತೆಗೆದಿಲ್ಲ!

ಅದಕ್ಕೇ ನಾನು ಬರೀ ಇಎಸ್‌ಪಿ32 ಮಾಡ್ಯೂಲ್ ತಂದು ಸಣ್ಣ ಅಡಾಪ್ಟರ್ ಬೋರ್ಡ್ ಮೇಲೆ ಸೋಲ್ಡರ್ ಮಾಡಿದೆ. ಪ್ರೋಗ್ರಾಂ ಹಾಕಲು ಬೇರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಇಟ್ಟುಕೊಂಡಿದ್ದೇನೆ. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ಮನೆಗೆ ತರುತ್ತೇನೆ. ಸೋಲ್ಡರಿಂಗ್ ಕಷ್ಟ ಅನ್ನುವವರು ಕಡಿಮೆ ಕರೆಂಟಿಗೆಂದೇ ಮಾಡಿದ ಫೈರ್‌ಬೀಟಲ್‌ನಂಥ ಬೋರ್ಡ್ ಕೊಳ್ಳಬಹುದು.

12 ವೋಲ್ಟಿನಿಂದ 3.3ಕ್ಕೆ ಇಳಿಸಲು ಎಂಪಿ1584 ಚಿಪ್ಪಿನ ಪುಟ್ಟ ಬಕ್ ಬೋರ್ಡ್. ಚಿಪ್ಪಿನ ಸ್ವಂತ ಖರ್ಚು ಸುಮಾರು 0.1 ಮಿಲಿಆಂಪ್, 28 ವೋಲ್ಟ್ ತನಕ ತಡೆಯುತ್ತದೆ. ಒಂದು ಎಚ್ಚರಿಕೆ. ಇದರ ಔಟ್‌ಪುಟ್ ತಿರುಪಿನಿಂದ ಹೊಂದಿಸುವಂಥದ್ದು. ಮೊದಲು ಏನನ್ನೂ ಜೋಡಿಸದೆ ಮಲ್ಟಿಮೀಟರ್ ಇಟ್ಟು 3.3ಕ್ಕೆ ತನ್ನಿ, ಆಮೇಲೆ ತಿರುಪಿನ ಮೇಲೆ ಒಂದು ಹನಿ ಗೋಂದು ಹಾಕಿ. ಇಲ್ಲದಿದ್ದರೆ ಯಾವತ್ತೋ ಅದು ಅಲುಗಾಡಿ ಇಎಸ್‌ಪಿ32 ಸುಟ್ಟು ಹೋಗುತ್ತದೆ.

ಕರೆಂಟ್ ಅಳೆಯಲು ಐಎನ್‌ಎ226 ಚಿಪ್ ಮತ್ತು 50 ಆಂಪ್, 75 ಮಿಲಿವೋಲ್ಟಿನ ಶಂಟ್. ಐಎನ್‌ಎ226 ಶಂಟಿನ ಮೇಲೆ 81.92 ಮಿಲಿವೋಲ್ಟ್ ತನಕ ಓದಬಲ್ಲದು, ಹಾಗಾಗಿ 75 ಸರಿಯಾಗಿ ಕೂರುತ್ತದೆ. ಈ ಶಂಟಿನ ರೆಸಿಸ್ಟೆನ್ಸ್ 1.5 ಮಿಲಿಓಮ್. ಚಿಪ್ಪಿನ ಒಂದು ಮೆಟ್ಟಿಲು 2.5 ಮೈಕ್ರೋವೋಲ್ಟ್. ಅಂದರೆ ಸುಮಾರು 1.7 ಮಿಲಿಆಂಪ್‌ನಷ್ಟು ಸಣ್ಣ ವ್ಯತ್ಯಾಸವೂ ಕಾಣುತ್ತದೆ. ರಾತ್ರಿ ಹೊತ್ತಿನ ಕಳ್ಳ ಲೋಡ್ ಹಿಡಿಯಲು ಇದು ಬೇಕು. ಅಗ್ಗದ ಐಎನ್‌ಎ219 26 ವೋಲ್ಟಿಗೇ ನಿಲ್ಲುತ್ತದೆ. 24 ವೋಲ್ಟಿನ ಸಿಸ್ಟಂ ಚಾರ್ಜ್ ಆಗುವಾಗ 28 ದಾಟುತ್ತದೆ, ಆಗ ಅದು ಉಳಿಯುವುದಿಲ್ಲ. 226 ಆದರೆ 36 ವೋಲ್ಟ್ ತನಕ ಬರುತ್ತದೆ. 48 ವೋಲ್ಟಿನವರು ಎರಡನ್ನೂ ನೇರವಾಗಿ ಜೋಡಿಸಬೇಡಿ.

ಐಎನ್‌ಎ226 ಮಾಡ್ಯೂಲಿನ ಮೇಲೆ ಆರ್100 ಅಂತ ಬರೆದ ಸಣ್ಣ ಶಂಟ್ ಮೊದಲೇ ಕೂತಿರುತ್ತದೆ. ಅದು 0.1 ಓಮ್. ಅದರಲ್ಲಿ 0.8 ಆಂಪ್‌ಗಿಂತ ಜಾಸ್ತಿ ಓದಲಾಗದು. ಹೊರಗಿನ ಶಂಟ್ ಬಳಸುವಾಗ ಅದನ್ನು ಕಿತ್ತು ಹಾಕಿ.

ಬಿಸಿ ಅಳೆಯಲು ಡಿಎಸ್18ಬಿ20, ಜೊತೆಗೆ 4.7 ಕಿಲೋಓಮ್ ರೆಸಿಸ್ಟರ್. ಇದನ್ನು ಬ್ಯಾಟರಿಯ ಪಕ್ಕಕ್ಕೆ ಟೇಪ್ ಹಾಕಿ ಅಂಟಿಸಿ. ಗಾಳಿಯಲ್ಲಿ ನೇತಾಡಿಸಿದರೆ ಶೆಡ್ಡಿನ ಬಿಸಿ ತೋರಿಸುತ್ತದೆ, ಬ್ಯಾಟರಿಯದ್ದಲ್ಲ.

ಹಂತ 4: ಜೋಡಣೆ

ಮೊದಲು ಜೀವದ ಮಾತು. 150 ಎಎಚ್ ಬ್ಯಾಟರಿ ಶಾರ್ಟ್ ಆದರೆ ಸಾವಿರಕ್ಕೂ ಹೆಚ್ಚು ಆಂಪ್ ಹರಿಯಬಹುದು. ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಉಂಗುರ, ಕಡಗ, ವಾಚು ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಕೆಲಸ ಶುರು ಮಾಡುವ ಮುಂಚೆ ಪ್ಯಾನೆಲ್ ಬಿಚ್ಚಿ, ಆಮೇಲೆ ಬ್ಯಾಟರಿ. ಮತ್ತೆ ಜೋಡಿಸುವಾಗ ಮೊದಲು ಬ್ಯಾಟರಿ, ಕೊನೆಗೆ ಪ್ಯಾನೆಲ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಮುಖ್ಯ ಫ್ಯೂಸ್ ಇರಲಿ. ಬ್ರೇಕರ್ ಹಾಕುವುದಾದರೆ ಡಿಸಿಗೆ ಮಾಡಿದ್ದೇ ಇರಲಿ. ಮನೆಯ ಎಸಿ ಎಂಸಿಬಿ ಡಿಸಿಯ ಕಿಡಿಯನ್ನು ಸರಿಯಾಗಿ ಕತ್ತರಿಸುವುದಿಲ್ಲ.

ಶಂಟನ್ನು ಬ್ಯಾಟರಿಯ ಮೈನಸ್ ತಂತಿಯಲ್ಲಿ ಹಾಕಿ. ಬ್ಯಾಟರಿ ಮೈನಸ್‌ನಿಂದ ಒಂದೇ ಒಂದು ದಪ್ಪ ಕೇಬಲ್ ಹೊರಟು ಶಂಟಿನ ಒಂದು ಬದಿಗೆ ಬರಬೇಕು. ಚಾರ್ಜ್ ಕಂಟ್ರೋಲರಿನ ಬ್ಯಾಟರಿ ಮೈನಸ್, ಇನ್ವರ್ಟರಿನ ಮೈನಸ್ ಎಲ್ಲವೂ ಶಂಟಿನ ಇನ್ನೊಂದು ಬದಿಗೆ. ಒಂದು ತಂತಿ ತಪ್ಪಿ ನೇರ ಬ್ಯಾಟರಿಗೆ ಹೋದರೂ ಲೆಕ್ಕ ಕೆಟ್ಟಿತು.

ನಿಗಾ ಡಬ್ಬಿಯ ಗ್ರೌಂಡನ್ನೂ ಶಂಟಿನ ಆ ಬದಿಗೇ, ಲೋಡ್‌ಗಳ ಸಾಲಿನಲ್ಲೇ ಕೊಡಿ. ತಾನು ಉಂಡದ್ದನ್ನೂ ಅದು ಲೆಕ್ಕದಲ್ಲಿ ಬರೆಯಲಿ. ಇದರಿಂದ ವೋಲ್ಟೇಜ್ ಓದುವಿಕೆಯಲ್ಲಿ ಬರುವ ವ್ಯತ್ಯಾಸ ಪೂರ್ತಿ 50 ಆಂಪ್ ಹರಿದರೂ 75 ಮಿಲಿವೋಲ್ಟ್ ಮಾತ್ರ. ನಮ್ಮ ತೋಟದ ಲೋಡಿಗೆ ಅದು ಲೆಕ್ಕಕ್ಕಿಲ್ಲ.

ಐಎನ್‌ಎ226ನ ವೋಲ್ಟೇಜ್ ಪಿನ್ನನ್ನು ಬೇರೆ ತೆಳು ತಂತಿಯಲ್ಲಿ ಬ್ಯಾಟರಿ ಪ್ಲಸ್‌ಗೆ ನೇರ ಒಯ್ಯಿರಿ. ಅದಕ್ಕೂ, ಬಕ್ ಬೋರ್ಡಿಗೂ 1 ಆಂಪ್ ಫ್ಯೂಸ್ ಇರಲಿ. ಶಂಟಿನಿಂದ ಬರುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಗಿಡ್ಡ ಇಡಿ. ಬಕ್ ಬೋರ್ಡಿನ ಇನ್‌ಪುಟ್‌ಗೆ 16 ವೋಲ್ಟಿನ ಟಿವಿಎಸ್ ಡಯೋಡ್ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮ ಬಯಲಿನಲ್ಲಿ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು. ಡಯೋಡ್ ಸಣ್ಣ ಏರಿಳಿತಕ್ಕೆ ಮಾತ್ರ. ಸಿಡಿಲಿಗೆ ಪ್ಯಾನೆಲ್ಲಿನ ಚೌಕಟ್ಟಿಗೆ ಅರ್ಥಿಂಗ್, ಲೈನಿಗೆ ಡಿಸಿ ಸರ್ಜ್ ಪ್ರೊಟೆಕ್ಟರ್ ಬೇಕು.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ಎಷ್ಟೋ ಪಿಡಬ್ಲ್ಯುಎಂ (ಎಂಪಿಪಿಟಿಗಿಂತ ಸರಳ ಬಗೆಯ) ಕಂಟ್ರೋಲರ್‌ಗಳಲ್ಲಿ ಪ್ಲಸ್ ಎಲ್ಲಕ್ಕೂ ಒಂದೇ, ಸ್ವಿಚ್ ಆಗುವುದು ಮೈನಸ್. "ಮೈನಸ್ ಅಲ್ವಾ, ಎಲ್ಲ ಒಂದೇ" ಅಂತ ಲೋಡ್ ಮೈನಸನ್ನು ಬ್ಯಾಟರಿ ಮೈನಸ್‌ಗೆ ಸೇರಿಸಿದರೆ ಕಂಟ್ರೋಲರಿನ ಲೋ-ವೋಲ್ಟೇಜ್ ಕಟ್ ಕೆಲಸ ಮಾಡುವುದಿಲ್ಲ. ಬ್ಯಾಟರಿ ತಳ ಕಾಣುವ ತನಕ ಲೈಟ್ ಉರಿಯುತ್ತಲೇ ಇರುತ್ತದೆ.

ಪ್ಯಾನೆಲ್ ವೋಲ್ಟೇಜ್ ಓದುವುದಾದರೆ 1 ಮೆಗಾಓಮ್ ಮತ್ತು 100 ಕಿಲೋಓಮ್ ರೆಸಿಸ್ಟರ್ ಜೋಡಿ ಸಾಕು. 36 ಸೆಲ್ಲಿನ ಪ್ಯಾನೆಲ್ ಖಾಲಿ ಇದ್ದಾಗ 22 ವೋಲ್ಟ್ ತೋರಿಸುತ್ತದೆ. ಈ ಜೋಡಿ ಅದನ್ನು 2 ವೋಲ್ಟಿಗೆ ಇಳಿಸುತ್ತದೆ, ಎಳೆಯುವುದು 20 ಮೈಕ್ರೋಆಂಪ್. ಕೆಳಗಿನ ರೆಸಿಸ್ಟರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ. ಮೇಲೆ ಹೇಳಿದ ಮೈನಸ್ ಸ್ವಿಚ್ ಆಗುವ ಕಂಟ್ರೋಲರ್ ಇದ್ದರೆ ಈ ಅಳತೆ ಬಿಟ್ಟುಬಿಡಿ. ಪ್ಯಾನೆಲ್ ಮೈನಸ್ ಮತ್ತು ನಿಮ್ಮ ಗ್ರೌಂಡ್ ಅಲ್ಲಿ ಒಂದೇ ಅಲ್ಲ.

ಹಂತ 5: ಏಳು, ನೋಡು, ಮಲಗು

ಪ್ರೋಗ್ರಾಮಿನ ನಡೆ ಸರಳ. ಪ್ರತಿ ನಿಮಿಷಕ್ಕೆ ಒಮ್ಮೆ ಇಎಸ್‌ಪಿ32 ಏಳುತ್ತದೆ. ರೇಡಿಯೋ ಮುಟ್ಟುವುದಿಲ್ಲ. ಐಎನ್‌ಎ226ನಿಂದ ವೋಲ್ಟೇಜ್, ಕರೆಂಟ್ ಓದುತ್ತದೆ. ಕರೆಂಟನ್ನು ಒಂದು ನಿಮಿಷಕ್ಕೆ ಗುಣಿಸಿ ಎಎಚ್ ಲೆಕ್ಕಕ್ಕೆ ಸೇರಿಸುತ್ತದೆ ಅಥವಾ ಕಳೆಯುತ್ತದೆ. ಆ ಲೆಕ್ಕವನ್ನು ನಿದ್ದೆಯಲ್ಲೂ ಅಳಿಯದ 8 ಕಿಲೋಬೈಟ್ ಆರ್‌ಟಿಸಿ ಮೆಮೊರಿಯಲ್ಲಿ ಇಟ್ಟು ಮತ್ತೆ ಮಲಗುತ್ತದೆ. ಎಚ್ಚರ ಇರುವುದು ಸೆಕೆಂಡಿನ ಮೂರನೇ ಒಂದು ಭಾಗದಷ್ಟೇ.

ಹಾಗಾದರೆ ನಡುವಿನ 59 ಸೆಕೆಂಡಿನಲ್ಲಿ ಆದದ್ದು? ಇಲ್ಲಿ ಐಎನ್‌ಎ226 ಸಹಾಯಕ್ಕೆ ಬರುತ್ತದೆ. ಅದನ್ನು ಎಚ್ಚರ ಇಡಿ. ಅದರ ಊಟ ಬರೀ 0.33 ಮಿಲಿಆಂಪ್. ಸರಾಸರಿ 1024, ಒಂದು ಅಳತೆಗೆ 8.244 ಮಿಲಿಸೆಕೆಂಡ್ ಅಂತ ಹೊಂದಿಸಿದರೆ ವೋಲ್ಟೇಜ್, ಕರೆಂಟ್ ಎರಡಕ್ಕೂ ಸೇರಿ ಒಂದು ಸುತ್ತಿಗೆ ಸುಮಾರು 17 ಸೆಕೆಂಡ್ ತೆಗೆದುಕೊಳ್ಳುತ್ತದೆ. ನೀವು ಓದುವುದು ಕ್ಷಣದ ಅಂಕಿಯಲ್ಲ, ಆ ಹೊತ್ತಿನ ಸರಾಸರಿ.

ಡಿಎಸ್18ಬಿ20 ಪೂರ್ತಿ ನಿಖರತೆಯಲ್ಲಿ ಓದಲು 750 ಮಿಲಿಸೆಕೆಂಡ್ ಬೇಕು. ಬ್ಯಾಟರಿಯ ಬಿಸಿ ನಿಮಿಷದಲ್ಲಿ ಬದಲಾಗುವುದಿಲ್ಲ. 9 ಬಿಟ್‌ಗೆ ಇಳಿಸಿ, ಹತ್ತು ನಿಮಿಷಕ್ಕೊಮ್ಮೆ ಓದಿ.

ಎಎಚ್ ಲೆಕ್ಕ ದಿನ ಕಳೆದಂತೆ ಜಾರುತ್ತದೆ. ಒಳಗೆ ಹಾಕಿದ್ದೆಲ್ಲ ಹೊರಗೆ ಬರುವುದಿಲ್ಲ. ಹಾಗಾಗಿ ಒಳಬರುವ ಎಎಚ್‌ನ್ನು 0.85ರಿಂದ ಗುಣಿಸಿ ಸೇರಿಸಿ. ಪೂರ್ತಿ ತುಂಬಿದಾಗ ಲೆಕ್ಕವನ್ನು 100ಕ್ಕೆ ತನ್ನಿ. ತುಂಬಿದೆ ಅನ್ನುವುದು ಯಾವಾಗ? ವೋಲ್ಟೇಜ್ ಚಾರ್ಜಿಂಗ್ ಮಿತಿಯಲ್ಲಿ ನಿಂತಿರಬೇಕು, ಒಳಹೋಗುವ ಕರೆಂಟ್ ಬ್ಯಾಟರಿಯ ಎಎಚ್‌ನ 2 ಶೇಕಡಕ್ಕಿಂತ ಕೆಳಗೆ ಬಂದಿರಬೇಕು. 150ಕ್ಕೆ ಅದು 3 ಆಂಪ್. ಹೀಗೆ 20 ನಿಮಿಷ ಇದ್ದರೆ ತುಂಬಿದೆ. ಮೋಡ ಬಂದು ಕರೆಂಟ್ ಇಳಿದದ್ದನ್ನು ತುಂಬಿದ್ದು ಅಂತ ತಿಳಿಯಬಾರದು, ಅದಕ್ಕೇ ವೋಲ್ಟೇಜ್ ಷರತ್ತೂ ಬೇಕು.

ಆ ಮಿತಿ ಎಷ್ಟು ಅನ್ನುವುದು ಬಿಸಿಯ ಮೇಲೆ ನಿಂತಿದೆ. 25 ಡಿಗ್ರಿಗೆ 14.4 ವೋಲ್ಟ್ ಅಂದುಕೊಳ್ಳಿ. ಒಂದೊಂದು ಡಿಗ್ರಿ ಏರಿದಾಗಲೂ ಸೆಲ್ಲಿಗೆ 4 ಮಿಲಿವೋಲ್ಟ್, ಆರು ಸೆಲ್ಲಿಗೆ 24 ಮಿಲಿವೋಲ್ಟ್ ಇಳಿಸಬೇಕು. ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಬ್ಯಾಟರಿ 40 ಡಿಗ್ರಿ ಮುಟ್ಟುವುದು ಹೊಸದಲ್ಲ. 15 ಡಿಗ್ರಿ ಜಾಸ್ತಿ, 0.36 ವೋಲ್ಟ್ ಕಡಿಮೆ. ಅಂದರೆ 14.04 ಸಾಕು. ನಿಮ್ಮ ಕಂಟ್ರೋಲರ್ ಇದನ್ನು ಮಾಡದೆ 14.4ಕ್ಕೇ ಒತ್ತುತ್ತಿದ್ದರೆ ಬ್ಯಾಟರಿಯ ನೀರು ಬೇಗ ಆರುತ್ತದೆ. ಡಬ್ಬಿ ಬಂದ ಮೇಲೆ ನನಗೆ ಮೊದಲು ಕಂಡ ತಪ್ಪೇ ಇದು. ಕಂಟ್ರೋಲರಿಗೆ ಬಿಸಿ ಅಳೆಯುವ ತಂತಿ ಇದ್ದರೂ ಅದನ್ನು ಯಾರೂ ಜೋಡಿಸಿರಲಿಲ್ಲ.

ಹಂತ 6: ಡಬ್ಬಿಯ ಊಟವನ್ನು ನೀವೇ ಅಳೆಯಿರಿ

ಇದನ್ನು ಬಿಡಬೇಡಿ. ಮಲ್ಟಿಮೀಟರನ್ನು ಮೈಕ್ರೋಆಂಪ್‌ಗೆ ಇಟ್ಟು ಸಾಲಿನಲ್ಲಿ ಸೇರಿಸಿದರೆ ಇಎಸ್‌ಪಿ32 ಏಳುವುದೇ ಇಲ್ಲ. ಏಳುವಾಗ ಅದಕ್ಕೆ ಹೆಚ್ಚು ಕರೆಂಟ್ ಬೇಕು, ಮೀಟರಿನ ಒಳಗಿನ ರೆಸಿಸ್ಟೆನ್ಸ್ ಅದನ್ನು ತಡೆಯುತ್ತದೆ. ಉಪಾಯ ಸುಲಭ. ಮೀಟರಿನ ಎರಡು ತುದಿಗಳ ನಡುವೆ ಒಂದು ಸಣ್ಣ ಸ್ವಿಚ್ ಹಾಕಿ. ಸ್ವಿಚ್ ಆನ್ ಇಟ್ಟು ಬೋರ್ಡ್ ಎಬ್ಬಿಸಿ. ಮಲಗಿತು ಅಂತ ಗೊತ್ತಾದ ಮೇಲೆ ಸ್ವಿಚ್ ಆಫ್ ಮಾಡಿ ಓದಿ. ಮತ್ತೆ ಏಳುವ ಮುಂಚೆ ಆನ್ ಮಾಡಿ. ಪರೀಕ್ಷೆಗೆ ನಿದ್ದೆಯನ್ನು ಎರಡು ನಿಮಿಷಕ್ಕೆ ಏರಿಸಿಕೊಂಡರೆ ಆರಾಮ.

12 ವೋಲ್ಟ್ ಕಡೆಯಿಂದ ಅಳೆದಾಗ 1 ಮಿಲಿಆಂಪ್‌ಗಿಂತ ಕೆಳಗೆ ಬಂದರೆ ಗೆದ್ದಿರಿ. ಬರದಿದ್ದರೆ ಒಂದೊಂದೇ ಭಾಗ ಬಿಚ್ಚಿ ನೋಡಿ. ಎಷ್ಟೋ ಸಲ ಸಿಕ್ಕಿಬೀಳುವುದು ಯಾವುದೋ ಮಾಡ್ಯೂಲಿನ ಸಣ್ಣ ಕೆಂಪು ಎಲ್‌ಇಡಿ. ಅದನ್ನು ಕಿತ್ತುಬಿಡಿ. ನನ್ನ ಡಬ್ಬಿಯ ಒಟ್ಟು ಖರ್ಚು ದಿನಕ್ಕೆ ಕಾಲು ವ್ಯಾಟ್-ಅವರ್‌ನ ಒಳಗಿದೆ. ಹಳೆಯದಕ್ಕೆ 180 ಬೇಕಿತ್ತು.

ಹಂತ 7: ಸುದ್ದಿ ಊರಿಗೆ ಮುಟ್ಟುವುದು ಹೇಗೆ?

ಎಲ್ಲರಿಗೂ ರೇಡಿಯೋ ಬೇಕಿಲ್ಲ. ದಿನಾ ಹೊಲಕ್ಕೆ ಹೋಗುವವರಾದರೆ ಒಂದು ಬಟನ್ ಇಡಿ. ಒತ್ತಿದಾಗ ಇಎಸ್‌ಪಿ32 ಐದು ನಿಮಿಷ ತನ್ನದೇ ವೈಫೈ ಹಚ್ಚುತ್ತದೆ, ಫೋನಿನಲ್ಲಿ ನಿನ್ನೆಯ ಲೆಕ್ಕ ನೋಡಿಕೊಳ್ಳಬಹುದು. ಡಿಸ್‌ಪ್ಲೇ ಹಾಕಿದರೂ ಬಟನ್ ಒತ್ತಿದಾಗ ಮಾತ್ರ ಹತ್ತುವ ಹಾಗಿರಲಿ.

ದೂರಕ್ಕೆ ಲೋರಾ ಅನ್ನುವ ಕಡಿಮೆ ಕರೆಂಟಿನ ರೇಡಿಯೋ ಒಳ್ಳೆಯದು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು 865ರಿಂದ 868 ಮೆಗಾಹರ್ಟ್ಜ್ ಬಿಟ್ಟಿದ್ದಾರೆ. ಕೊಳ್ಳುವಾಗ 868ರ ಮಾಡ್ಯೂಲ್ ತೆಗೆದುಕೊಂಡು ಪ್ರೋಗ್ರಾಮಿನಲ್ಲಿ 866 ಇಡಿ. ಅಗ್ಗಕ್ಕೆ ಸಿಗುತ್ತದೆ ಅಂತ 433ರದ್ದನ್ನು ತರಬೇಡಿ. ಆಂಟೆನಾ ತಂತಿಯ ಉದ್ದ 8.6 ಸೆಂಟಿಮೀಟರ್. ಆಂಟೆನಾ ಇಲ್ಲದೆ ಒಮ್ಮೆಯೂ ಕಳಿಸಬೇಡಿ, ಮಾಡ್ಯೂಲ್ ಹಾಳಾಗಬಹುದು. ಸಿಂಧನೂರು, ಸಿರುಗುಪ್ಪದ ಕಡೆಯ ಬಯಲಿನಲ್ಲಿ ಆಂಟೆನಾ ಎತ್ತರದಲ್ಲಿದ್ದರೆ ಕೆಲವು ಕಿಲೋಮೀಟರ್ ಸಲೀಸಾಗಿ ಹೋಗುತ್ತದೆ. ಗಂಗಾವತಿ, ಆನೆಗೊಂದಿಯ ಬಂಡೆ ಗುಡ್ಡಗಳ ನಡುವೆ ಇರುವವರಿಗೆ ಅದೃಷ್ಟ ನೋಡಬೇಕು. ಗುಡ್ಡದ ಆಚೆ ಊರಿದ್ದರೆ ಸುದ್ದಿ ಮುಟ್ಟುವುದಿಲ್ಲ. ಅರ್ಧ ಗಂಟೆಗೊಮ್ಮೆ ಕಳಿಸಿದರೆ ಸಾಕು. ಊರಿನ ಮನೆಯಲ್ಲಿ ಕೇಳಿಸಿಕೊಳ್ಳುವ ಡಬ್ಬಿಗೆ ಮನೆಯ ಕರೆಂಟ್ ಇರುವುದರಿಂದ ಅಲ್ಲಿ ಜಿಪುಣತನ ಬೇಕಿಲ್ಲ.

ಎಸ್‌ಎಂಎಸ್ ದಾರಿ ಹಿಡಿಯುವವರಿಗೆ: ಸಿಮ್800 ಮಾಡ್ಯೂಲ್ 2ಜಿ ಮಾತ್ರ, ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಕಳಿಸುವ ಕ್ಷಣದಲ್ಲಿ ಅದು 2 ಆಂಪ್ ತನಕ ಎಳೆಯುತ್ತದೆ. 3.3 ವೋಲ್ಟ್ ಅದಕ್ಕೆ ಸಾಲದು. ಬೇರೆ ಬಕ್ ಬೋರ್ಡಿನಿಂದ ಸುಮಾರು 4 ವೋಲ್ಟ್ ಕೊಡಿ, ಪಕ್ಕದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಮಾತ್ರ ಆ ಬಕ್ ಬೋರ್ಡಿಗೆ ಕರೆಂಟ್ ಕೊಟ್ಟು, ಕಳಿಸಿದ ಮೇಲೆ ಪೂರ್ತಿ ಕತ್ತರಿಸಿ.

ಹಂತ 8: ನಿಗಾದಿಂದ ನಿಯಂತ್ರಣಕ್ಕೆ

ಮನೆಯಲ್ಲಿ ಜೋಳ ಕಡಿಮೆ ಬಿದ್ದಾಗ ಯಾರಿಗೆ ಮೊದಲು ಬಡಿಸಬೇಕು ಅಂತ ಹಿರಿಯರು ನೋಡುತ್ತಾರಲ್ಲ, ಹಾಗೆ ಲೋಡ್‌ಗಳ ಸರದಿ ಬರೆದುಕೊಳ್ಳಿ. ನಮ್ಮಲ್ಲಿ ಹಗಲಿನ ಫ್ಯಾನು ಮತ್ತು ಹೆಚ್ಚಿನ ಚಾರ್ಜಿಂಗ್ ಮೊದಲು ನಿಲ್ಲುತ್ತವೆ, ಬ್ಯಾಟರಿ 60 ಶೇಕಡಕ್ಕೆ ಇಳಿದಾಗ. ಹೊರಗಿನ ಲೈಟುಗಳು 50ಕ್ಕೆ. ಒಳಗಿನ ಒಂದು ಲೈಟು ಮತ್ತು ಕ್ಯಾಮೆರಾ ಕೊನೆ ತನಕ ಉಳಿಯುತ್ತವೆ. ಸರದಿ ಕಾಕಾ ಹೇಳಿದ್ದು. ನಾನು ಕ್ಯಾಮೆರಾ ಮೊದಲು ಅಂದಿದ್ದೆ, ಅವರು ಹಾವು ಚೇಳಿನ ಮಾತು ತೆಗೆದು ಲೈಟನ್ನು ಮೇಲಿಟ್ಟರು. ಅಲ್ಲಿ ಮಲಗುವವರು ಅವರು, ಅವರ ಮಾತೇ ಸರಿ.

ನಿಲ್ಲಿಸಿದ್ದನ್ನು ತಕ್ಷಣ ಮತ್ತೆ ಹಚ್ಚಬೇಡಿ. ಲೋಡ್ ತೆಗೆದ ಕೂಡಲೇ ವೋಲ್ಟೇಜ್ ಏರುತ್ತದೆ. ಪ್ರೋಗ್ರಾಂ ಅದನ್ನು ನೋಡಿ ಹಚ್ಚುತ್ತದೆ, ಮತ್ತೆ ಬೀಳುತ್ತದೆ, ರಾತ್ರಿಯೆಲ್ಲ ಟಕಟಕ. 60ಕ್ಕೆ ನಿಲ್ಲಿಸಿದರೆ 75 ಆದ ಮೇಲೇ ಹಚ್ಚಿ. ಯಾವ ತೀರ್ಮಾನಕ್ಕೂ ಸತತ ಐದು ಓದುವಿಕೆ ಒಂದೇ ಮಾತು ಹೇಳಲಿ. ಇನ್ನೂ ಒಂದು. ಕಂಟ್ರೋಲರಿನ ಸ್ವಂತ ಲೋ-ವೋಲ್ಟೇಜ್ ಕಟ್ಟನ್ನು ಹಾಗೇ ಬಿಡಿ. ನಮ್ಮ ಪ್ರೋಗ್ರಾಂ ಕೆಟ್ಟ ದಿನ ಬ್ಯಾಟರಿಯನ್ನು ಉಳಿಸುವುದು ಅದೇ.

ಲೋಡ್ ಹಚ್ಚಲು ಸಾಮಾನ್ಯ ರಿಲೇ ಬಳಸಿದರೆ ಹಚ್ಚಿದಷ್ಟು ಹೊತ್ತೂ ಅದರ ಕಾಯಿಲ್ ಕರೆಂಟ್ ತಿನ್ನುತ್ತದೆ. ಸಣ್ಣ 12 ವೋಲ್ಟ್ ರಿಲೇ ಸುಮಾರು 30 ಮಿಲಿಆಂಪ್ ಎಳೆಯುತ್ತದೆ. ಇಡೀ ದಿನಕ್ಕೆ 8.6 ವ್ಯಾಟ್-ಅವರ್, ಡಬ್ಬಿಯ ಊಟದ ಮೂವತ್ತು ಪಟ್ಟಿಗಿಂತ ಜಾಸ್ತಿ! ಲ್ಯಾಚಿಂಗ್ ರಿಲೇ ತನ್ನಿ. ಒಂದು ಸಣ್ಣ ಏಟು ಕೊಟ್ಟರೆ ಹತ್ತುತ್ತದೆ, ಇನ್ನೊಂದು ಏಟಿಗೆ ಆರುತ್ತದೆ, ನಡುವೆ ಏನೂ ಬೇಡ. ಎರಡು ಕಾಯಿಲ್ಲಿನದು ಸುಲಭ, ಹಚ್ಚಲು ಒಂದು ಪಿನ್, ಆರಿಸಲು ಒಂದು ಪಿನ್. ಸಣ್ಣ ಎಲ್‌ಇಡಿ ಲೈಟಿಗೆ ಎಒ3400ನಂಥ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ನಡೆಯುತ್ತದೆ, ಅದು 3.3 ವೋಲ್ಟಿಗೇ ಚೆನ್ನಾಗಿ ತೆರೆಯುತ್ತದೆ. ಆದರೆ ಗಾಢ ನಿದ್ದೆಯಲ್ಲಿ ಇಎಸ್‌ಪಿ32ನ ಪಿನ್‌ಗಳು ಹಿಡಿತ ಬಿಡುತ್ತವೆ, ಲೈಟ್ ಆರಿಹೋಗುತ್ತದೆ. ಪಿನ್ ಹೋಲ್ಡ್ ಮಾಡುವ ಆದೇಶವನ್ನು ಮಲಗುವ ಮುಂಚೆ ಕೊಡಬೇಕು. ಇದು ತಿಳಿಯದೆ ನಾನು ಎರಡು ರಾತ್ರಿ ತಂತಿಗಳನ್ನು ಹುಡುಕಿದ್ದೇನೆ.

ಡ್ರಿಪ್ಪಿಗೂ ಇದೇ ಮಾತು. ಸಾದಾ ಸೋಲೆನಾಯ್ಡ್ ವಾಲ್ವ್ ತೆರೆದಿರುವಷ್ಟೂ ಹೊತ್ತು ಕೆಲವು ವ್ಯಾಟ್ ತಿನ್ನುತ್ತದೆ. ಡಿಸಿ ಲ್ಯಾಚಿಂಗ್ ವಾಲ್ವ್ 50 ಮಿಲಿಸೆಕೆಂಡಿನ ಒಂದು ಏಟಿಗೆ ತೆರೆದು ಹಾಗೇ ನಿಲ್ಲುತ್ತದೆ. ಮುಚ್ಚಲು ಪ್ಲಸ್ ಮೈನಸ್ ಅದಲುಬದಲು ಮಾಡಿ ಇನ್ನೊಂದು ಏಟು. ಅದಕ್ಕೆ ಡಿಆರ್‌ವಿ8871 ಡ್ರೈವರ್ ಸರಿ, ಕೆಲಸ ಇಲ್ಲದಾಗ ಅದೂ ಮಲಗುತ್ತದೆ. ಹಳೆಯ ಎಲ್298 ಬೋರ್ಡ್ ಬೇಡ. ಅಪಾಯ ಎಲ್ಲಿದೆ ಅಂದರೆ, ವಾಲ್ವ್ ತೆರೆದಿರುವಾಗ ಡಬ್ಬಿ ಸತ್ತರೆ ನೀರು ರಾತ್ರಿಯೆಲ್ಲ ಹರಿದು ಟ್ಯಾಂಕ್ ಖಾಲಿ. ಅದಕ್ಕೆ ಪ್ರೋಗ್ರಾಂ ಮೊದಲ ಸಲ ಶುರುವಾದಾಗಲೆಲ್ಲ ಎಲ್ಲ ವಾಲ್ವ್‌ಗಳಿಗೂ ಮುಚ್ಚುವ ಏಟು ಕೊಡಲಿ. ಬ್ಯಾಟರಿ 50ಕ್ಕೆ ಇಳಿದಾಗಲೂ ಮೊದಲು ವಾಲ್ವ್ ಮುಚ್ಚಲಿ, ಆಮೇಲೆ ಲೋಡ್. ಪ್ರೋಗ್ರಾಂ ಸಿಕ್ಕಿಕೊಂಡರೆ ತಾನಾಗಿ ಮತ್ತೆ ಶುರು ಮಾಡುವ ವಾಚ್‌ಡಾಗ್ ಟೈಮರ್ ಹಾಕುವುದನ್ನು ಮರೆಯಬೇಡಿ.

ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬಿ ಪ್ಯಾನೆಲ್ ಸುಮ್ಮನೆ ಕಾಯುತ್ತಿರುತ್ತದೆ. ಆಗ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಚಾರ್ಜ್‌ಗೆ ಲೈನ್ ಹಚ್ಚುವಂತೆ ಮಾಡಿದ್ದೇನೆ. ಮೊದಲು ಅದನ್ನು ಕಾಕಾ ರಾತ್ರಿ ಚಾರ್ಜಿಗೆ ಹಾಕುತ್ತಿದ್ದರು.

ಹಂತ 9: ಡಬ್ಬಿ ಇಡುವ ಜಾಗ

ಬ್ಯಾಟರಿಯ ಮೇಲೆ ಇಡಬೇಡಿ, ಆ್ಯಸಿಡ್ ಹೊಗೆ ತಾಮ್ರ ತಿನ್ನುತ್ತದೆ. ನೀರು ಧೂಳು ಹೋಗದ ಡಬ್ಬಿ, ತಂತಿ ಬರುವ ತೂತು ಕೆಳಗಡೆ, ಅದಕ್ಕೆ ಗ್ಲ್ಯಾಂಡ್. ಇರುವೆ, ಹಲ್ಲಿ, ಇಲಿ ಮೂವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟರ್ಮಿನಲ್‌ಗಳಿಗೆ ವ್ಯಾಸಲಿನ್ ಸವರಿ.

ಹಂತ 10: ಅಂಕಿಗಳು ಏನು ಹೇಳುತ್ತವೆ?

ರಾತ್ರಿ 2 ಗಂಟೆಯ ಕರೆಂಟ್ ನೋಡಿ. ನಮ್ಮಲ್ಲಿ ಕ್ಯಾಮೆರಾ ಬಿಟ್ಟರೆ ಏನೂ ಇರಬಾರದು. ಆದರೆ ಸುಮಾರು 0.8 ಆಂಪ್ ಜಾಸ್ತಿ ತೋರಿಸುತ್ತಿತ್ತು. ಹುಡುಕಿದರೆ ಸಣ್ಣ ಇನ್ವರ್ಟರ್! ಯಾವ ಲೋಡೂ ಇಲ್ಲದೆ ಬರೀ ಆನ್ ಇದ್ದದ್ದಕ್ಕೇ 10 ವ್ಯಾಟ್. ಈಗ ಅದಕ್ಕೂ ಲ್ಯಾಚಿಂಗ್ ರಿಲೇ ಇದೆ, ಅದರ ಆನ್-ಆಫ್ ತಂತಿಯ ಮೇಲೆ.

ಬೆಳಗಿನ ಅತಿ ಕಡಿಮೆ ವೋಲ್ಟೇಜ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಖರ್ಚು ಆದಾಯ ಮೀರಿದೆ. ಬೆಳಿಗ್ಗೆ ಬೇಗನೆ 14.4 ಮುಟ್ಟಿ, ಸಂಜೆ ಲೈಟ್ ಹಚ್ಚಿದ ಸ್ವಲ್ಪ ಹೊತ್ತಿಗೇ 12ಕ್ಕೆ ಬಿದ್ದರೆ ಬ್ಯಾಟರಿಯ ಹೊಟ್ಟೆ ಚಿಕ್ಕದಾಗಿದೆ, ಅದರ ಕಾಲ ಮುಗಿಯುತ್ತಿದೆ. ಬಿಸಿಲು ಚೆನ್ನಾಗಿದ್ದೂ, ಬ್ಯಾಟರಿ ಖಾಲಿ ಇದ್ದೂ ಮಧ್ಯಾಹ್ನದ ಕರೆಂಟ್ ವಾರವಾರಕ್ಕೆ ಇಳಿದರೆ ಪ್ಯಾನೆಲ್ ಮೇಲೆ ಧೂಳು. ಸಂಡೂರಿನ ಅದಿರು ಲಾರಿಗಳ ದಾರಿ ಬದಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಳಗಿನ ತಂಪಿನಲ್ಲಿ ಒರೆಸಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ಹಂತ 11: ಕೊನೆಯ ಪರೀಕ್ಷೆ

ಮಳೆಗಾಲ ಬರುವ ಮುಂಚೆ, ಮೇ ತಿಂಗಳ ಒಂದು ದಿನ ಇದನ್ನು ಮಾಡಿ. ಬ್ಯಾಟರಿ ಪೂರ್ತಿ ತುಂಬಿದ ಸಂಜೆ ಪ್ಯಾನೆಲ್ಲಿನ ಬ್ರೇಕರ್ ಇಳಿಸಿ. ಎಂದಿನಂತೆ ಲೈಟು, ಫ್ಯಾನು ಬಳಸಿ. ಲೆಕ್ಕ 60ಕ್ಕೆ ಬಂದಾಗ ಫ್ಯಾನು ತಾನಾಗಿ ನಿಲ್ಲಬೇಕು. 50ಕ್ಕೆ ವಾಲ್ವ್ ಮುಚ್ಚುವ ಸದ್ದು ಬಂದು, ಆಮೇಲೆ ಹೊರಗಿನ ಲೈಟು ಆರಬೇಕು. ನಾಲ್ಕು ಗಂಟೆ ಎಲ್ಲ ಆಫ್ ಮಾಡಿ ಮಲ್ಟಿಮೀಟರ್ ಹಿಡಿಯಿರಿ. 12.2ರ ಆಸುಪಾಸು ಬಂದರೆ ನಿಮ್ಮ ಎಎಚ್ ಲೆಕ್ಕ ಸರಿ ಇದೆ. 12.0 ಬಂದರೆ ಬ್ಯಾಟರಿಯ ನಿಜವಾದ ಎಎಚ್ ಹೊರಗೆ ಬರೆದದ್ದಕ್ಕಿಂತ ಕಡಿಮೆ. ಪ್ರೋಗ್ರಾಮಿನಲ್ಲಿ 150 ಇದ್ದದ್ದನ್ನು 100 ಮಾಡಿ. ನಮ್ಮ ಹೊಸ ಬ್ಯಾಟರಿಗೆ ಈ ವರ್ಷ 140 ಹಾಕಿದ್ದೇನೆ. ಪ್ಯಾನೆಲ್ಲಿನ ಬ್ರೇಕರ್ ಮತ್ತೆ ಮೇಲೆತ್ತಿ ಬನ್ನಿ.